30 ಸೆಕೆಂಡಿನ ಕರ್ಲ್‌ಅಪ್ ಅಳೆಯುವುದು ಹೊಟ್ಟೆಯ ದಮ್ಮನ್ನೋ, ಅವಸರವನ್ನೋ?

ಸಿಬಿಎಸ್‌ಇ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ 'ಖೇಲೋ ಇಂಡಿಯಾ ಫಿಟ್‌ನೆಸ್ ಅಸೆಸ್‌ಮೆಂಟ್' ಹೆಸರು ಹೊಸದಲ್ಲ. ಮೂರನೇ ತರಗತಿವರೆಗಿನ ಪುಟಾಣಿಗಳಿಗೆ ಒಂಟಿ ಕಾಲಲ್ಲಿ ನಿಲ್ಲುವುದು, ಪ್ಲೇಟ್ ಟ್ಯಾಪಿಂಗ್ (ಎರಡು ತಟ್ಟೆಗಳನ್ನು ಕೈಯಿಂದ ಸರಸರ ಮುಟ್ಟುವುದು). ನಾಲ್ಕನೇ ತರಗತಿಯಿಂದ ಮೇಲಿನವರಿಗೆ 50 ಮೀಟರ್ ಓಟ, 600 ಮೀಟರ್ ಓಟ, ಕೂತು ಕೈ ಚಾಚುವುದು, ಪುಷ್‌ಅಪ್, ಇವುಗಳ ಜೊತೆಗೆ ಪಾರ್ಷಿಯಲ್ ಕರ್ಲ್‌ಅಪ್. ಅಂದರೆ ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಮತ್ತು ಭುಜವನ್ನಷ್ಟೇ ನೆಲದಿಂದ ಎತ್ತಿ ಮತ್ತೆ ಇಳಿಸುವುದು. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಅನ್ನುವುದೇ ಅಂಕ.

ರಿಪೋರ್ಟಿನಲ್ಲಿ 28 ಅಂತ ಬಂದರೆ ಅಪ್ಪ ಅಮ್ಮನಿಗೆ ಖುಷಿ. 14 ಅಂತ ಬಂದರೆ "ಮೊಬೈಲ್ ಕೆಳಗಿಟ್ಟು ಹೊರಗೆ ಹೋಗಿ ಆಡು" ಅನ್ನುವ ಬೈಗುಳ. ಈ 28ಕ್ಕೂ ಆ 14ಕ್ಕೂ ನಿಜವಾಗಿ ಏನು ವ್ಯತ್ಯಾಸ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು. ಯಾಕೆಂದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಆ ಅಂಕದಲ್ಲಿ ಹೊಟ್ಟೆಯ ಸ್ನಾಯುವಿನ ಪಾಲು ಎಷ್ಟು, ಅವಸರದ ಪಾಲು ಎಷ್ಟು, ಪಕ್ಕದಲ್ಲಿ ಕೂತು ಎಣಿಸಿದ ಗೆಳೆಯನ ಔದಾರ್ಯ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಹಾಗಂತ ಪರೀಕ್ಷೆಯನ್ನೇ ಎಸೆಯಬೇಕಿಲ್ಲ. ಅದನ್ನು ನಂಬುವ ಹಾಗೆ ಮಾಡಲು ಬೇಕಿರುವ ಸಾಮಾನು ತೀರಾ ಅಗ್ಗದ್ದು.

ಮೊದಲು ಅಳೆಯಬೇಕಾದ ವಸ್ತು ಯಾವುದು ಅಂತ ನೋಡೋಣ. ಹೊಟ್ಟೆಯ ಮುಂಭಾಗದಲ್ಲಿ ಎದೆಮೂಳೆಯ ಬುಡ ಮತ್ತು ಪಕ್ಕೆಲುಬಿನಿಂದ ಕೆಳಗೆ ಸೊಂಟದ ಮೂಳೆಯವರೆಗೆ ಉದ್ದಕ್ಕೆ ಇಳಿಯುವ ಒಂದು ಜೋಡಿ ಸ್ನಾಯು ಇದೆ. ಸಿಕ್ಸ್‌ಪ್ಯಾಕ್ ಅಂತ ಸಿನಿಮಾ ಪೋಸ್ಟರಿನಲ್ಲಿ ಕಾಣುವುದು ಇದೇ. ಪಕ್ಕಗಳಲ್ಲಿ ಓರೆಯಾಗಿ ಹೆಣೆದುಕೊಂಡ ಎರಡು ಪದರ, ಅವುಗಳ ಒಳಗೆ ಅಡ್ಡಪಟ್ಟಿಯಂತೆ ಸುತ್ತಿದ ಇನ್ನೊಂದು ಪದರ. ದಿನನಿತ್ಯದಲ್ಲಿ ಇವುಗಳ ಮುಖ್ಯ ಕೆಲಸ ಬೆನ್ನನ್ನು ಬಗ್ಗಿಸುವುದಕ್ಕಿಂತ ಜಾಸ್ತಿ, ಅದನ್ನು ಅಲುಗದಂತೆ ಹಿಡಿದಿಡುವುದು. ಗ್ಯಾಸ್ ಸಿಲಿಂಡರ್ ಎತ್ತುವಾಗ, ಬಸ್ಸಿನಲ್ಲಿ ನಿಂತು ಹೋಗುವಾಗ, ಇಡೀ ದಿನ ನಾಟಿ ಮಾಡುವಾಗ ಇವು ಕಡಿಮೆ ಬಲದಲ್ಲಿ, ತುಂಬಾ ಹೊತ್ತು ದುಡಿಯುತ್ತವೆ. ಹಾಗಾಗಿ ಒಂದೇ ಸಲಕ್ಕೆ ಎಷ್ಟು ಬಲ ಹಾಕುತ್ತವೆ ಅನ್ನುವುದಕ್ಕಿಂತ ಎಷ್ಟು ಹೊತ್ತು ತಾಳುತ್ತವೆ ಅನ್ನುವ ಪ್ರಶ್ನೆಗೆ ಬೆಲೆ ಜಾಸ್ತಿ. ಗರಡಿಯವರ ಮಾತಿನಲ್ಲಿ ಹೇಳುವುದಾದರೆ, ದಮ್ಮು. ಅಂದಹಾಗೆ, ಸಿಕ್ಸ್‌ಪ್ಯಾಕ್ ಕಾಣುವುದು ಬಿಡುವುದು ಬಹುಪಾಲು ಚರ್ಮದ ಕೆಳಗಿನ ಕೊಬ್ಬಿನ ಲೆಕ್ಕ. ಅದನ್ನು ನೋಡಿ ದಮ್ಮು ಹೇಳಲಾಗದು.

ಇದನ್ನು ಅಳೆಯುವ ಪ್ರಯತ್ನಕ್ಕೆ ದೊಡ್ಡ ಇತಿಹಾಸವಿದೆ. 1950ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ವೈದ್ಯ ಹಾನ್ಸ್ ಕ್ರೌಸ್ ಅವರ ತಂಡ ಕ್ರೌಸ್-ವೆಬರ್ ಅನ್ನುವ ಆರು ಸಣ್ಣ ಪರೀಕ್ಷೆಗಳನ್ನು ಅಮೆರಿಕದ ಮತ್ತು ಯುರೋಪಿನ ಶಾಲಾ ಮಕ್ಕಳಿಗೆ ಕೊಟ್ಟಿತು. ಅಮೆರಿಕದ ಮಕ್ಕಳಲ್ಲಿ ಸುಮಾರು 58% ಮಂದಿ ಒಂದಲ್ಲ ಒಂದರಲ್ಲಿ ಫೇಲ್. ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್ ಮಕ್ಕಳಲ್ಲಿ 9%ಗಿಂತ ಕಡಿಮೆ. ಸುದ್ದಿ ಅಧ್ಯಕ್ಷ ಐಸೆನ್‌ಹೋವರ್ ಕಿವಿಗೆ ಬಿತ್ತು, 1956ರಲ್ಲಿ ಮಕ್ಕಳ ಫಿಟ್‌ನೆಸ್‌ಗಾಗಿಯೇ ಒಂದು ಅಧ್ಯಕ್ಷೀಯ ಮಂಡಳಿ ಹುಟ್ಟಿತು. ಶಾಲೆಗಳಲ್ಲಿ ಸಾಲಾಗಿ ಮಲಗಿಸಿ ಸಿಟ್‌ಅಪ್ ಎಣಿಸುವ ಪದ್ಧತಿ ಜಗತ್ತಿಗೆಲ್ಲ ಹರಡಿದ್ದರಲ್ಲಿ ಈ ಗಾಬರಿಯ ಪಾಲು ದೊಡ್ಡದು.

ಕ್ರೌಸ್ ಒಂದು ಜಾಣತನ ಮಾಡಿದ್ದರು. ಸಿಟ್‌ಅಪ್ಪನ್ನು ಎರಡು ಬಗೆಯಲ್ಲಿ ಇಟ್ಟಿದ್ದರು, ಒಮ್ಮೆ ಕಾಲು ನೀಡಿಕೊಂಡು, ಇನ್ನೊಮ್ಮೆ ಮಂಡಿ ಮಡಚಿ. ಕಾರಣ ಸರಳ. ಮಲಗಿದ್ದವರು ಪೂರ್ತಿ ಎದ್ದು ಕೂರುವಾಗ ಹೊಟ್ಟೆಯ ಸ್ನಾಯು ಒಂದೇ ದುಡಿಯುವುದಿಲ್ಲ. ಮೊದಲ ಸುಮಾರು 30 ಡಿಗ್ರಿ ಎತ್ತುವವರೆಗೆ ಮುಖ್ಯ ಕೆಲಸ ಹೊಟ್ಟೆಯದು. ಅಲ್ಲಿಂದ ಮುಂದೆ, ಬೆನ್ನುಮೂಳೆಯ ಕೆಳಭಾಗದಿಂದ ತೊಡೆಯ ಮೂಳೆಗೆ ಹೋಗುವ ಸೊಂಟದ ಸ್ನಾಯುಗಳು ಭಾರ ಎಳೆಯುತ್ತವೆ. ಯಾರಾದರೂ ಪಾದ ಒತ್ತಿ ಹಿಡಿದರಂತೂ ಅವುಗಳಿಗೆ ಹಬ್ಬ. ಮಂಡಿ ಮಡಚಿದರೆ ಅವು ಸುಮ್ನಾಗುತ್ತವೆ ಅಂತ ಆಗ ನಂಬಿದ್ದರು. ಅದೇ ನಂಬಿಕೆಯಲ್ಲಿ 1970ರ ದಶಕದಲ್ಲಿ ಅಮೆರಿಕದ ಶಾಲೆಗಳು ಕಾಲು ನೀಡುವ ಸಿಟ್‌ಅಪ್ ಬಿಟ್ಟು ಮಂಡಿ ಮಡಚುವ ಸಿಟ್‌ಅಪ್ಪಿಗೆ ಬಂದವು. ಆಮೇಲೆ ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆದು ನೋಡಿದಾಗ ಆ ಸೊಂಟದ ಸ್ನಾಯುಗಳು ಅಷ್ಟು ಸುಲಭಕ್ಕೆ ಸುಮ್ಮನಾಗುವವಲ್ಲ ಅಂತ ಗೊತ್ತಾಯಿತು.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಬೆನ್ನುಮೂಳೆಯ ಮೇಲೆ ಬೀಳುವ ಒತ್ತಡದ ಲೆಕ್ಕ ತೆಗೆದರು. ಪೂರ್ತಿ ಸಿಟ್‌ಅಪ್ಪಿನಲ್ಲಿ ಅದು ಸುಮಾರು 3,300 ನ್ಯೂಟನ್. ಅಂದರೆ 330 ಕಿಲೋಗಿಂತ ಹೆಚ್ಚಿನ ಭಾರದಷ್ಟು. ಕಾಲು ನೀಡಿದರೂ ಮಡಚಿದರೂ ದೊಡ್ಡ ವ್ಯತ್ಯಾಸವಿಲ್ಲ. ಪ್ರತಿ ಸಲ ಎದ್ದಾಗಲೂ ಇಷ್ಟು. ಪೂರ್ತಿ ಸಿಟ್‌ಅಪ್ ಬಿಟ್ಟು, ಭುಜ ಮಾತ್ರ ಎತ್ತುವ ಅರ್ಧ ಚಲನೆಗೆ ಪರೀಕ್ಷೆಗಳು ಇಳಿದು ಬಂದಿದ್ದಕ್ಕೆ ಹಿನ್ನೆಲೆ ಇದು. ನಮ್ಮ ಖೇಲೋ ಇಂಡಿಯಾ ಪಟ್ಟಿ ಕೂಡ ಇದನ್ನೇ ಆರಿಸಿಕೊಂಡಿದೆ. ಚಲನೆಯ ಆಯ್ಕೆ ಸರಿಯಾಗಿದೆ. ಎಡವಿರುವುದು ಗಡಿಯಾರದ ಹತ್ತಿರ.

30 ಸೆಕೆಂಡ್ ಅಂದಾಗ ಮೈದಾನದಲ್ಲಿ ಏನಾಗುತ್ತದೆ ನೋಡಿ. ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಾರೆ. ಮಗು ಪಟಪಟ ಎದ್ದು ಬೀಳಲು ಶುರು ಮಾಡುತ್ತದೆ. ಮೊದಲ ಐದಾರು ಸಲ ಚೆನ್ನಾಗಿರುತ್ತದೆ. ಆಮೇಲೆ ಬೆನ್ನು ನೆಲಕ್ಕೆ ಬಡಿದು ಚಿಮ್ಮುವ ಬಲದಲ್ಲೇ ಮುಂದಿನದು ಏಳುತ್ತದೆ. ಕೈ ಬೀಸುತ್ತದೆ, ಗದ್ದ ಎದೆಗೆ ಹೊಡೆಯುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಸೆಕೆಂಡಿಗೆ ಒಂದರಂತೆ ಓಡುವ ಮಗುವಿಗೆ 28 ಸಿಗುತ್ತದೆ. ಪಕ್ಕದ ಚಾಪೆಯ ಹುಡುಗಿ ಪ್ರತಿ ಸಲವೂ ನಿಧಾನ ಏಳುತ್ತಾಳೆ, ಭುಜದ ಮೂಳೆ ನೆಲಕ್ಕೆ ಮುಟ್ಟಿಸಿಯೇ ಮತ್ತೆ ಏಳುತ್ತಾಳೆ. ಅವಳಿಗೆ 14. ಹಾಗೇ ಬಿಟ್ಟಿದ್ದರೆ ಅವಳು ಮೂರು ನಿಮಿಷ ಮುಂದುವರಿಸುತ್ತಿದ್ದಳೋ ಏನೋ, ಅದನ್ನು ನೋಡಲು ಯಾರೂ ಕಾಯುವುದಿಲ್ಲ. ಸೀಟಿ ಬಿತ್ತು, ಮುಗೀತು. ಸ್ನಾಯು ದಣಿಯುವ ಮುಂಚೆಯೇ ನಿಲ್ಲುವ ಪರೀಕ್ಷೆಯಿಂದ ಅದರ ತಾಳಿಕೆ ಗೊತ್ತಾಗುವುದು ಹೇಗೆ?

ಇನ್ನು ಎಣಿಕೆ. ಕನಿಷ್ಠ 6 ಇಂಚು ಏಳಬೇಕು ಅನ್ನುತ್ತದೆ ನಿಯಮ. ಆ 6 ಇಂಚನ್ನು ಎಲ್ಲಿಂದ ಎಲ್ಲಿಗೆ ಅಳೆಯುವುದು? ತಲೆ ನೆಲದಿಂದ ಮೇಲೆದ್ದ ದೂರವೋ, ಬೆರಳ ತುದಿ ನೆಲದ ಮೇಲೆ ಮುಂದೆ ಸರಿದ ದೂರವೋ? ನೆಲದ ಮೇಲೆ ಪಟ್ಟಿ ಅಂಟಿಸದಿದ್ದರೆ ಎರಡೂ ಕಣ್ಣಳತೆಯೇ. 40 ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಹಾಗಾಗಿ ಮಕ್ಕಳೇ ಜೋಡಿಯಾಗಿ ಒಬ್ಬರದನ್ನೊಬ್ಬರು ಎಣಿಸುತ್ತಾರೆ. ಮಕ್ಕಳು ಎಣಿಸಿದ ಸಂಖ್ಯೆ ದೊಡ್ಡವರು ಎಣಿಸಿದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಅದು ಮೋಸ ಅಂತಲ್ಲ. ಮಕ್ಕಳು ಎಷ್ಟು ಸಲ ಎದ್ದ ಅಂತ ಎಣಿಸುತ್ತಾರೆ, ಎಷ್ಟು ಸಲ ಸರಿಯಾಗಿ ಎದ್ದ ಅಂತಲ್ಲ. ಗೆಳೆಯ ಮುಂದಿನ ಸರದಿಯಲ್ಲಿ ತನ್ನದನ್ನು ಎಣಿಸುವವನು ಅನ್ನುವುದೂ ನೆನಪಿರುತ್ತೆ, ಅಲ್ವಾ?

ಈ ಎರಡೂ ತೊಂದರೆಗೆ 1980ರ ದಶಕದಿಂದ ಬೆಳೆದು ಬಂದ ಉತ್ತರ ತಾಳ. ಟೆಕ್ಸಸ್‌ನ ಕೂಪರ್ ಸಂಸ್ಥೆ 1982ರಲ್ಲಿ ಶುರು ಮಾಡಿದ ಫಿಟ್‌ನೆಸ್‌ಗ್ರಾಮ್ ಅನ್ನುವ ಶಾಲಾ ಪರೀಕ್ಷಾ ಮಾಲೆಯಲ್ಲಿ ಕರ್ಲ್‌ಅಪ್ ಹೀಗಿದೆ. ಮಂಡಿಯ ಕೆಳಗೆ ನೆಲದ ಮೇಲೆ ಒಂದು ಪಟ್ಟಿ. 10ರಿಂದ 17 ವರ್ಷದವರಿಗೆ ಅದರ ಅಗಲ ನಾಲ್ಕೂವರೆ ಇಂಚು, ಅದಕ್ಕಿಂತ ಚಿಕ್ಕವರಿಗೆ 3 ಇಂಚು. ಅಂಗೈ ನೆಲದ ಮೇಲೆ, ಬೆರಳ ತುದಿ ಪಟ್ಟಿಯ ಈ ಅಂಚಿನಲ್ಲಿ. ಏಳುವಾಗ ಬೆರಳು ಜಾರಿ ಆ ಅಂಚು ಮುಟ್ಟಬೇಕು, ಇಳಿದಾಗ ತಲೆ ಚಾಪೆಗೆ ತಾಗಬೇಕು. ಧ್ವನಿಮುದ್ರಿತ ತಾಳಕ್ಕೆ ಸರಿಯಾಗಿ 3 ಸೆಕೆಂಡಿಗೆ ಒಂದು, ನಿಮಿಷಕ್ಕೆ 20. ಪಾದ ಯಾರೂ ಹಿಡಿಯುವಂತಿಲ್ಲ. ಒಮ್ಮೆ ತಪ್ಪಿದರೆ ಎಚ್ಚರಿಕೆ, ಎರಡನೇ ಸಲ ತಪ್ಪಿದರೆ ಅಲ್ಲಿಗೆ ಮುಕ್ತಾಯ. ಎಷ್ಟೇ ಗಟ್ಟಿಗರಿದ್ದರೂ 75ಕ್ಕೆ ನಿಲ್ಲಿಸುತ್ತಾರೆ.

ಇಲ್ಲಿ ಅವಸರಕ್ಕೆ ಜಾಗವೇ ಇಲ್ಲ. ಬೇಗ ಮಾಡಿದರೆ ಲಾಭವಿಲ್ಲ, ಚಿಮ್ಮುವುದಕ್ಕೆ ಆಗುವುದಿಲ್ಲ. ಎಲ್ಲರಿಗೂ ಒಂದೇ ವೇಗ, ಒಂದೇ ದೂರ. ಉಳಿಯುವ ಪ್ರಶ್ನೆ ಒಂದೇ: ಎಷ್ಟು ಹೊತ್ತು ತಾಳುತ್ತೀಯ? ಇನ್ನೊಂದು ಒಳ್ಳೆಯ ಗುಣ, ಅಲ್ಲಿ ಮಗುವನ್ನು ತರಗತಿಯ ಮೊದಲನೆಯವನ ಜೊತೆ ಹೋಲಿಸುವುದಿಲ್ಲ. 12 ವರ್ಷದವರಿಗೆ, ಹುಡುಗನಾದರೂ ಹುಡುಗಿಯಾದರೂ, 18 ಕರ್ಲ್‌ಅಪ್ ಮುಟ್ಟಿದರೆ ಸಾಕು, 'ಆರೋಗ್ಯಕರ ಮಟ್ಟ'. 14 ವರ್ಷ ತುಂಬಿದ ಹುಡುಗರಿಗೆ 24, ಹುಡುಗಿಯರಿಗೆ ಅದೇ 18.

ತಾಳ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ದೊಡ್ಡವರಿಗೆ ಜಿಮ್‌ಗಳಲ್ಲಿ ಬಳಸುವ ಒಂದು ಬಗೆಯಲ್ಲಿ ನಿಮಿಷಕ್ಕೆ 25ರ ತಾಳ, ಒಂದೇ ನಿಮಿಷ. ಅಂದರೆ 25ಕ್ಕಿಂತ ಮೇಲೆ ಯಾರೂ ಹೋಗುವಂತಿಲ್ಲ. ಸ್ವಲ್ಪ ಅಭ್ಯಾಸ ಇರುವವರೆಲ್ಲ 25ಕ್ಕೆ ಬಂದು ನಿಂತುಬಿಡುತ್ತಾರೆ. ಆರು ತಿಂಗಳು ಬೆವರು ಸುರಿಸಿ ಬಂದು ಮತ್ತೆ ಮಾಡಿದರೂ ಅದೇ 25.

ಈಗ ಪ್ಲ್ಯಾಂಕ್ ವಿಷಯ. ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿದು ನಿಲ್ಲುವುದು. ಕಳೆದ ಕೆಲವು ವರ್ಷಗಳಲ್ಲಿ ಸೇನೆಗಳಲ್ಲೂ ಸಿಟ್‌ಅಪ್ಪಿನ ಜಾಗಕ್ಕೆ ಇದು ಬಂದು ಕೂತಿದೆ. ಅಮೆರಿಕದ ಸೇನೆಯ ಕತೆ ಇದರಲ್ಲಿ ಓದಲೇಬೇಕಾದದ್ದು. 1980ರಿಂದ ಅಲ್ಲಿ ಎರಡು ನಿಮಿಷದ ಸಿಟ್‌ಅಪ್ ಇತ್ತು. ಹೊಸ ಪರೀಕ್ಷೆ ರೂಪಿಸುವಾಗ ಅದನ್ನು ಬಿಟ್ಟು ಲೆಗ್ ಟಕ್ ತಂದರು. ಅಂದರೆ ಕಂಬಿಗೆ ಜೋತುಬಿದ್ದು ಮಂಡಿಯನ್ನು ಮೊಣಕೈಗೆ ಮುಟ್ಟಿಸುವುದು. ನೋಡಲು ಹೊಟ್ಟೆಯ ಕೆಲಸ. ಆದರೆ ಕೈ ಮತ್ತು ಹಿಡಿತದಲ್ಲಿ ಬಲ ಸಾಲದವರು ಹೊಟ್ಟೆ ಎಷ್ಟೇ ಗಟ್ಟಿಯಿದ್ದರೂ ಫೇಲ್ ಆಗುತ್ತಿದ್ದರು, ಮಹಿಳಾ ಸೈನಿಕರು ದೊಡ್ಡ ಸಂಖ್ಯೆಯಲ್ಲಿ. ಕೊನೆಗೆ 2022ರಲ್ಲಿ ಲೆಗ್ ಟಕ್ ತೆಗೆದು ಪ್ಲ್ಯಾಂಕ್ ಇಟ್ಟರು. 2025ರಲ್ಲಿ ಮತ್ತೆ ಪರೀಕ್ಷೆ ಬದಲಾದಾಗಲೂ ಪ್ಲ್ಯಾಂಕ್ ಉಳಿಯಿತು. ಅಲ್ಲಿನ ನೌಕಾಪಡೆ, ಮರೀನ್ ದಳ ಕೂಡ ಅದೇ ದಾರಿ ಹಿಡಿದವು.

ಲೆಗ್ ಟಕ್ ಪ್ರಕರಣದಲ್ಲಿ ಎಣಿಕೆ ಗಟ್ಟಿಯಾಗಿಯೇ ಇತ್ತು. ಮಂಡಿ ಮೊಣಕೈಗೆ ಮುಟ್ಟಿತೋ ಇಲ್ಲವೋ ಅನ್ನುವುದರಲ್ಲಿ ಜಗಳವಿಲ್ಲ. ಇಂದು ಎಣಿಸಿದರೂ ನಾಳೆ ಎಣಿಸಿದರೂ ಅದೇ ಸಂಖ್ಯೆ ಬರುತ್ತದೆ. ಆದರೆ ಅದು ಬೇರೆ ಏನನ್ನೋ ಅಳೆಯುತ್ತಿತ್ತು. ಟೇಪನ್ನು ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಎಳೆದು ಹಿಡಿಯುವ ಟೈಲರ್‌ಗೆ ಅಳತೆ ಪ್ರತಿ ಸಲ ಒಂದೇ ಬರುತ್ತದೆ, ರವಿಕೆ ಮಾತ್ರ ಕೂರುವುದಿಲ್ಲ. ಪರೀಕ್ಷೆ ನಂಬಬಹುದಾದದ್ದು ಅನ್ನಬೇಕಾದರೆ ಎರಡೂ ಬೇಕು. ಮತ್ತೆ ಮಾಡಿದರೆ ಅದೇ ಉತ್ತರ ಬರಬೇಕು, ಆ ಉತ್ತರ ನಾವು ಕೇಳಿದ ಪ್ರಶ್ನೆಯದ್ದೇ ಆಗಿರಬೇಕು.

ಪ್ಲ್ಯಾಂಕ್ ಈ ಎರಡರಲ್ಲೂ ಪರವಾಗಿಲ್ಲ ಅನ್ನಬಹುದು, ಪೂರ್ತಿ ಅಂಕ ಕೊಡಲಾಗದು. ಅನೇಕರಿಗೆ ಹೊಟ್ಟೆಗಿಂತ ಮೊದಲು ಭುಜ ಸೋಲುತ್ತದೆ. ಸೊಂಟ ನಾಲ್ಕು ಬೆರಳು ಮೇಲೆದ್ದರೆ ಭಾರ ಹಗುರ, ಕೆಳಗೆ ಜೋತರೆ ಸ್ನಾಯು ಬಿಟ್ಟು ಬೆನ್ನಿನ ಕೀಲುಗಳ ಮೇಲೆ ನೇತಾಟ. ಜೊತೆಗೆ ಬೇಸರ, ಹಟ, ಎದುರಿಗೆ ಯಾರು ನಿಂತಿದ್ದಾರೆ ಅನ್ನುವುದೆಲ್ಲ ಸೆಕೆಂಡುಗಳನ್ನು ಹಿಗ್ಗಿಸುತ್ತವೆ. 2024ರಲ್ಲಿ ಕೆನಡಾದ ಡೋನಾಜೀನ್ ವೈಲ್ಡ್ 58ನೇ ವಯಸ್ಸಿನಲ್ಲಿ ನಾಲ್ಕೂವರೆ ಗಂಟೆ ಪ್ಲ್ಯಾಂಕ್ ಹಿಡಿದು ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ಹೊತ್ತು ತಾಳುವುದರಲ್ಲಿ ಹೊಟ್ಟೆಯ ಸ್ನಾಯುವಿಗಿಂತ ಮನಸ್ಸಿನ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ.

ಬೆನ್ನುನೋವಿನ ಚಿಕಿತ್ಸಕರು ಹೆಚ್ಚು ಗೌರವಿಸುವುದು ಮೆಕ್‌ಗಿಲ್ ಗುಂಪು 1999ರಲ್ಲಿ ಪ್ರಕಟಿಸಿದ ಸರಣಿಯನ್ನು. ಅದರಲ್ಲಿ ಹೊಟ್ಟೆಯನ್ನು ಒಂಟಿಯಾಗಿ ಅಳೆಯುವುದಿಲ್ಲ. ಮುಂದಿನ ಭಾಗಕ್ಕೆ ಒಂದು: ಓರೆಹಲಗೆಗೆ 60 ಡಿಗ್ರಿಯಲ್ಲಿ ಒರಗಿ ಕೂತು, ಕೈ ಎದೆಯ ಮೇಲೆ ಕಟ್ಟಿ, ಪಾದ ಬಿಗಿದು, ಹಲಗೆಯನ್ನು 10 ಸೆಂಟಿಮೀಟರ್ ಹಿಂದೆ ಸರಿಸಿದ ಮೇಲೂ ಹಾಗೇ ಕೂರುವುದು. ಬೆನ್ನಿಗೆ ಒಂದು: ಮೇಜಿನ ಅಂಚಿನಿಂದ ಮೈಯ ಮೇಲರ್ಧವನ್ನು ಗಾಳಿಯಲ್ಲಿ ಚಾಚಿ ಹಿಡಿಯುವುದು. ಇದರ ಮೂಲ ಡೆನ್ಮಾರ್ಕಿನದು, ಬೀರಿಂಗ್-ಸೋರೆನ್ಸನ್ ಅವರ 1984ರ ಅಧ್ಯಯನದಿಂದ ಹೆಸರಾಯಿತು. ಬಲ ಮತ್ತು ಎಡ ಪಕ್ಕಕ್ಕೆ ಒಂದೊಂದು: ಸೈಡ್ ಪ್ಲ್ಯಾಂಕ್, ಅಂದರೆ ಪಕ್ಕಕ್ಕೆ ತಿರುಗಿ ಒಂದೇ ಮೊಣಕೈ ಮೇಲೆ ಮೈಯನ್ನು ನೆಟ್ಟಗೆ ಎತ್ತಿ ಹಿಡಿಯುವುದು. ಸರಾಸರಿ 23 ವರ್ಷದ 75 ಆರೋಗ್ಯವಂತರಲ್ಲಿ ಅಳೆದಾಗ ಮುಂಭಾಗದ ಸರಾಸರಿ ಎರಡು ನಿಮಿಷ ದಾಟಿತ್ತು, ಪಕ್ಕದ್ದು ಗಂಡಸರಿಗೆ ಸುಮಾರು ಒಂದೂವರೆ ನಿಮಿಷ, ಹೆಂಗಸರಿಗೆ ಒಂದೂಕಾಲು. ಬೆನ್ನಿನ ತಾಳಿಕೆಯಲ್ಲಿ ಹೆಂಗಸರೇ ಮುಂದಿದ್ದರು. ಮತ್ತೆ ಮತ್ತೆ ಅಳೆದಾಗ ಬಂದ ಹೊಂದಾಣಿಕೆ 0.97ಕ್ಕಿಂತ ಮೇಲೆ, 1 ಅಂದರೆ ಪರಿಪೂರ್ಣ.

ಇಲ್ಲಿ ನನಗೆ ಇಷ್ಟವಾಗುವುದು ಸೆಕೆಂಡುಗಳಲ್ಲ, ಅವುಗಳ ನಡುವಿನ ಹೋಲಿಕೆ. ಹೊಟ್ಟೆಯ ತಾಳಿಕೆ ಬೆನ್ನಿನ ತಾಳಿಕೆಗಿಂತ ಕಡಿಮೆ ಇರಬೇಕು, ಬಲ ಎಡ ಪಕ್ಕಗಳು 5%ಗಿಂತ ಹೆಚ್ಚು ದೂರ ಹೋಗಬಾರದು ಅನ್ನುವುದು ಮೆಕ್‌ಗಿಲ್ ಸೂತ್ರ. ದಿನಾ ಜಿಮ್ಮಿಗೆ ಹೋಗಿ ಕ್ರಂಚಸ್ ಒಂದನ್ನೇ ಮಾಡುವ ಹುಡುಗ ಹೊಟ್ಟೆಯ ಪರೀಕ್ಷೆಯಲ್ಲಿ ಮಿಂಚಿ, ಬೆನ್ನಿನದರಲ್ಲಿ ಹಿಂದೆ ಬಿದ್ದರೆ ಅವನ ಒಳ್ಳೆಯ ಅಂಕವೇ ಎಚ್ಚರಿಕೆ. ಒಂದೇ ಅಂಕ ಕೊಡುವ ಪರೀಕ್ಷೆ ಇದನ್ನು ಹೇಳುವುದಿಲ್ಲ. ಹಾಗಂತ ಇದನ್ನು ಶಾಲೆಗೆ ತರಲಾಗದು. ಮೇಜು, ಬೆಲ್ಟು, ಓರೆಹಲಗೆ, ಒಬ್ಬರಿಗೆ ಕಾಲು ಗಂಟೆ. ಫಿಸಿಯೋಥೆರಪಿ ಕೋಣೆಗೆ ಸರಿ.

0.97 ಅನ್ನುವಂಥ ಸಂಖ್ಯೆ ಕಂಡ ತಕ್ಷಣ ಕೈಮುಗಿಯುವ ಅಭ್ಯಾಸವೂ ಒಳ್ಳೆಯದಲ್ಲ. ಒಂದು ಊಹೆ ಮಾಡೋಣ. ತರಗತಿಯ ಮಕ್ಕಳಿಗೆ ಸೋಮವಾರ ಪರೀಕ್ಷೆ ಮಾಡಿ, ಗುರುವಾರ ಮತ್ತೆ ಮಾಡಿದಿರಿ. ಎಲ್ಲರದ್ದೂ ನಾಲ್ಕು ನಾಲ್ಕು ಜಾಸ್ತಿ ಬಂತು. ಯಾರು ಮೊದಲು ಯಾರು ಕೊನೆ ಅನ್ನುವ ಸಾಲು ಬದಲಾಗಿಲ್ಲ, ಹಾಗಾಗಿ ಸರಳ ಹೊಂದಾಣಿಕೆಯ ಲೆಕ್ಕ ಪೂರ್ತಿ 1 ಬರುತ್ತದೆ. ಆದರೆ ಮೂರು ದಿನದಲ್ಲಿ ಯಾರ ಸ್ನಾಯುವೂ ಬೆಳೆದಿಲ್ಲ, ಪರೀಕ್ಷೆಯ ಪಟ್ಟು ಕೈಗೆ ಹತ್ತಿದೆ ಅಷ್ಟೇ. ಜೂನ್‌ನಲ್ಲಿ 16, ಡಿಸೆಂಬರ್‌ನಲ್ಲಿ 20 ಅಂತ ಬಂದಾಗ ಶಾಲೆ "ಪ್ರಗತಿ" ಅಂತ ಬರೆಯುತ್ತದಲ್ಲ, ಅದರಲ್ಲಿ ಈ ನಾಲ್ಕು ಎಲ್ಲಿಂದ ಬಂದದ್ದು? ಅದಕ್ಕೇ ಅನುಭವಿಗಳು ಮೊದಲ ಸಲದ್ದನ್ನು ಅಭ್ಯಾಸ ಅಂತ ಬದಿಗಿಟ್ಟು, ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಎಲ್ಲ ಪರೀಕ್ಷೆಗೂ ಇಷ್ಟು ನಾಜೂಕು ಬೇಕಿಲ್ಲ. ವಾಯುಪಡೆಯ ಅಗ್ನಿವೀರ್ ಆಯ್ಕೆಯಲ್ಲಿ ಹುಡುಗರಿಗೆ ಒಂದು ನಿಮಿಷದಲ್ಲಿ 10 ಸಿಟ್‌ಅಪ್ ಕೇಳುತ್ತಾರೆ. ಅಲ್ಲಿ 40 ಮಾಡುವವನನ್ನೂ 25 ಮಾಡುವವನನ್ನೂ ಬೇರೆ ಮಾಡುವ ಉದ್ದೇಶವೇ ಇಲ್ಲ. ಗೆರೆ ದಾಟಿದರೆ ಆಯಿತು. ಶಾಲೆಯದ್ದು ಹಾಗಲ್ಲ, ಅಲ್ಲಿ ಪ್ರತಿ ಅಂಕಕ್ಕೂ ಅರ್ಥ ಹಚ್ಚುತ್ತಾರೆ.

ಅಮೆರಿಕದಲ್ಲಿ ಈ ಚರ್ಚೆ ಮತ್ತೆ ಬಿಸಿಯಾಗಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಕೈಬಿಟ್ಟಿದ್ದ ಶಾಲಾ ಮಕ್ಕಳ 'ಪ್ರೆಸಿಡೆನ್ಷಿಯಲ್ ಫಿಟ್‌ನೆಸ್ ಟೆಸ್ಟ್' ಅನ್ನು ವಾಪಸ್ ತರಲು 2025ರ ಜುಲೈ 31ರಂದು ಟ್ರಂಪ್ ಆದೇಶಕ್ಕೆ ಸಹಿ ಹಾಕಿದರು. ಹಳೆಯ ಪರೀಕ್ಷೆಯಲ್ಲಿ ಒಂದು ನಿಮಿಷದ ಸಿಟ್‌ಅಪ್ ಇತ್ತು, ಎಲ್ಲರೆದುರು ಸೋತ ನೆನಪು ಅಲ್ಲಿನ ಎಷ್ಟೋ ಜನರಿಗೆ ಇನ್ನೂ ಹಸಿಯಾಗಿದೆ. ಈ ಗದ್ದಲದಲ್ಲಿ ಮರೆತುಹೋಗುವ ಒಂದು ವರದಿ ಇದೆ. 2012ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ತಜ್ಞರು ಮಕ್ಕಳ ಫಿಟ್‌ನೆಸ್ ಪರೀಕ್ಷೆಗಳನ್ನೆಲ್ಲ ಜಾಲಾಡಿ, ಸ್ನಾಯುಬಲಕ್ಕೆ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಬಳಸಲು ಆರಿಸಿದ್ದು ಎರಡನ್ನು: ಕೈ ಹಿಡಿತದ ಬಲ ಮತ್ತು ನಿಂತಲ್ಲಿಂದ ಉದ್ದಜಿಗಿತ. ಕರ್ಲ್‌ಅಪ್ ಆ ಪಟ್ಟಿಯಲ್ಲಿಲ್ಲ. ಕರ್ಲ್‌ಅಪ್ ಅಂಕಕ್ಕೂ ಮಕ್ಕಳ ಆರೋಗ್ಯಕ್ಕೂ ನೇರ ನಂಟು ತೋರಿಸುವ ಪುರಾವೆ ಸಾಲದು ಅನ್ನುವುದು ಅವರ ತೀರ್ಮಾನ. ನಮ್ಮಲ್ಲಿ ಈ ಅಂಕ ನೋಡಿ ಮಗು 'ವೀಕ್' ಅನ್ನುವ ಮುಂಚೆ ಇದನ್ನು ನೆನೆಯುವುದು ಒಳ್ಳೆಯದು.

ನಮ್ಮ ಶಾಲೆಗಳಿಗೆ ಹಿಂತಿರುಗಿದರೆ, ತಾಳದ ಪರೀಕ್ಷೆಗೆ ಟೈಮೆಲ್ಲಿದೆ ಸಾರ್ ಅನ್ನುವ ಮಾತು ಬಂದೇ ಬರುತ್ತದೆ. ಲೆಕ್ಕ ಹಾಕಿ. 40 ಮಕ್ಕಳನ್ನು ಮೇಷ್ಟ್ರೇ ಒಬ್ಬೊಬ್ಬರಾಗಿ 30 ಸೆಕೆಂಡ್ ಎಣಿಸಿದರೆ, ಮಲಗಿಸಿ ಎಬ್ಬಿಸುವುದೂ ಸೇರಿ ತಲಾ ಒಂದು ನಿಮಿಷ. ಒಂದು ಪೀರಿಯಡ್ಡೇ ಹೋಯಿತು. ತಾಳದ ಪರೀಕ್ಷೆಯಲ್ಲಿ 20 ಮಕ್ಕಳು ಒಟ್ಟಿಗೆ ಶುರು ಮಾಡುತ್ತಾರೆ. 75ರವರೆಗೆ ಹೋದರೂ 3 ನಿಮಿಷ 45 ಸೆಕೆಂಡ್. ಎರಡು ತಂಡಕ್ಕೆ ಹತ್ತು ನಿಮಿಷ ಸಾಕು. ಬೇಕಾದದ್ದು ಮೊಬೈಲಿನಲ್ಲಿ ಪುಕ್ಕಟೆ ಸಿಗುವ, ಒಂದೇ ಲಯದಲ್ಲಿ ಟಕ್ ಟಕ್ ಬಡಿಯುವ ಮೆಟ್ರೋನೋಮ್, ಅದನ್ನು ಜೋರಾಗಿ ಕೇಳಿಸುವ ಒಂದು ಸ್ಪೀಕರ್, ನೆಲಕ್ಕೆ ಅಂಟಿಸಲು ಬಣ್ಣದ ಟೇಪು. ಎಣಿಸುವ ಮಗುವಿಗೂ ಕೆಲಸ ಸುಲಭ, ತಾಳ ತಪ್ಪಿತಾ, ಬೆರಳು ಟೇಪಿನ ಆಚೆ ಅಂಚು ಮುಟ್ಟಿತಾ ಅಂತ ನೋಡಿದರೆ ಆಯಿತು.

ಮನೆಯಲ್ಲಿ ನೀವೇ ಮಾಡಿ ನೋಡುವುದಾದರೂ ಇದೇ ಕ್ರಮ. ಮೆಟ್ರೋನೋಮನ್ನು ನಿಮಿಷಕ್ಕೆ 40ಕ್ಕೆ ಇಟ್ಟುಕೊಳ್ಳಿ, ಒಂದು ಬಡಿತಕ್ಕೆ ಮೇಲೆ, ಇನ್ನೊಂದಕ್ಕೆ ಕೆಳಗೆ. ಏಳುವಾಗ ಉಸಿರು ಬಿಡಿ. ಊಟವಾದ ಮೇಲೆ ಬೇಡ. ಹೆರಿಗೆಯಾಗಿ ಹೆಚ್ಚು ದಿನ ಆಗದವರು, ಹರ್ನಿಯಾ ಇರುವವರು, ಡಿಸ್ಕ್ ತೊಂದರೆ ಅಥವಾ ಮೂಳೆ ಸವೆತ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಬೆನ್ನು ಬಗ್ಗಿಸುವ ಪರೀಕ್ಷೆ ಅವರಿಗೆ ಹೇಳಿ ಮಾಡಿಸಿದ್ದಲ್ಲ.

ರಿಪೋರ್ಟ್ ಕಾರ್ಡಿನಲ್ಲಿ ಬರೀ ಅಂಕದ ಬದಲು ಅದರ ಪಕ್ಕದಲ್ಲಿ ಇನ್ನೂ ಮೂರು ವಿಷಯ ಬರೆದರೆ ಸಾಕು: ತಾಳ ಎಷ್ಟಿತ್ತು, ಟೇಪಿನ ಅಗಲ ಎಷ್ಟು, ಎಣಿಸಿದವರು ಯಾರು. ಮುಂದಿನ ವರ್ಷ ಮೇಷ್ಟ್ರು ಬದಲಾಗಿ ಬಂದರೂ ಅದೇ ಮೂರನ್ನು ನೋಡಿ ಅದೇ ಪರೀಕ್ಷೆ ಮಾಡಬಹುದು.